ಬೆರಳಲ್ಲಿ ಉಳಿದ ಉಂಗುರ

ಸೈನ್ಯದಿಂದ ಊರಿಗೆ ಮರಳಿದವನಿಗೆ ಪಾಪ ಅಂಟದಂತೆ ನೋಡಿಕೊಳ್ಳುವ ಹೊಣೆಯನ್ನು ನಮ್ಮ ಮಧುವನಹಳ್ಳಿಯವರೆಲ್ಲ ಹೊತ್ತುಕೊಂಡುಬಿಡುತ್ತಾರೆ. "ನೀನು ನಿಮಿತ್ತ ಮಾತ್ರ ಕಣಪ್ಪ, ಕೊಲ್ಲೋನೂ ಅವನೇ, ಕಾಯೋನೂ ಅವನೇ" ಎಂದು ಮಠದ ಹಿರಿಯರೊಬ್ಬರು ಹೇಳಿದರು. "ಹೌದು ಬುದ್ಧಿ" ಎಂದೆ. ಎದುರಾಡುವ ಜಾಗ ಅದಲ್ಲ. ಆದರೆ ಅವರು ಗ್ರೆನೇಡ್ ಹಿಡಿದವರಲ್ಲ.

ನಾವು ಕಲಿತದ್ದು 36ನೇ ನಂಬರಿನದರಲ್ಲಿ. 1915ರ ಮಿಲ್ಸ್ ಬಾಂಬಿನ ವಂಶದ್ದು; ಮುಕ್ಕಾಲು ಕೆ.ಜಿ. ತೂಗುವ ಬೀಡುಕಬ್ಬಿಣ, ಮೈಯೆಲ್ಲ ಚೌಕಚೌಕ. ಲಿವರ್ ಅಂಗೈಗೆ ಒತ್ತಿಕೊಂಡು, ಎಡಗೈ ಬೆರಳಿಂದ ಪಿನ್ನಿನ ಉಂಗುರ ಎಳೆಯಬೇಕು. ಸಿನಿಮಾದವರ ಹಾಗೆ ಹಲ್ಲಲ್ಲಿ ಎಳೆದರೆ ಹಲ್ಲೇ ಕಿತ್ತು ಬಂದೀತು. ಪಿನ್ ಬಂದರೂ, ಲಿವರ್ ಬಿಡುವ ತನಕ ಏನೂ ಆಗುವುದಿಲ್ಲ. ಬಿಟ್ಟರೆ ಅದು ಹಾರಿಹೋಗಿ, ಸ್ಪ್ರಿಂಗಿನ ಜೋರಿಗೆ ಸ್ಟ್ರೈಕರ್ ಬಡಿದು, ಸುಮಾರು ನಾಲ್ಕು ಸೆಕೆಂಡಿನ ಬತ್ತಿ ಹತ್ತಿಕೊಳ್ಳುತ್ತದೆ. ಕ್ರಿಕೆಟ್ ಬೌಲರ್ ಹಾಗೆ ತೋಳು ನೀಡಿ ಎಸೆದು, ಗೋಡೆ ಮರೆಗೆ ಬಗ್ಗಬೇಕು. ನಾವು ಎಸೆಯಬಲ್ಲ ದೂರಕ್ಕಿಂತ ಚೂರು ಹಾರುವ ದೂರವೇ ಹೆಚ್ಚು. ಆಮೇಲೆ ನೋಡಿದರೆ ಉಂಗುರ ಇನ್ನೂ ಬೆರಳಲ್ಲೇ ಇರುತ್ತದೆ.

ನಿಮಿತ್ತನಾದವನ ಬೆರಳಲ್ಲಿ ಅದೇಕೆ ಉಳಿಯಬೇಕು?

ಬಂದೂಕಿಗೆ ಗುರಿ ಕಾಣಬೇಕು. ಗ್ರೆನೇಡಿಗೆ ಕಿಂಡಿ ಸಾಕು. 1999ರ ಜುಲೈನಲ್ಲಿ ಟೈಗರ್ ಹಿಲ್ ಹತ್ತುವಾಗ 18 ಗ್ರೆನೇಡಿಯರ್ಸ್‌ನ ಯೋಗೇಂದ್ರ ಸಿಂಗ್ ಯಾದವ್ ಗುಂಡೇಟು ತಿಂದ ಮೈಯಲ್ಲೇ ತೆವಳಿ ಬಂಕರಿಗೆ ಗ್ರೆನೇಡ್ ಹಾಕಿದರು. ಪರಮವೀರ ಚಕ್ರ ಬಂತು. ಅಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಗುಂಡು ಬರುತ್ತಿದ್ದದ್ದೇ ಒಳಗಿಂದ. ಊರೊಳಗಿನ ಮನೆ ಹಾಗಲ್ಲ. ಗೋಡೆಯಾಚೆ ಕೆಮ್ಮಿದವನು ಬಂದೂಕಿನವನೋ, ಮಂಚದಡಿ ಅವಿತ ಮುದುಕನೋ?

ನಮ್ಮ ಬೆಟ್ಟದ ದೇವರು ಮಾದಪ್ಪನೂ ಕೊಂದವನೇ. ಕಂಸಾಳೆಯವರು ಹಾಡುವ ಕಥೆಯಲ್ಲಿ ಶ್ರವಣನೆಂಬ ಅಸುರನಿಗೆ ಅರಗಿನ ಪಾದರಕ್ಷೆ ಮೆಟ್ಟಿಸಿ ಸುಡುತ್ತಾನೆ. ಮೋಸವೇ, ಅಲ್ಲ ಎನ್ನುವುದಿಲ್ಲ. ಆದರೆ ಮಾದಪ್ಪನಿಗೆ ಆ ಜೋಡು ಯಾರ ಕಾಲಿಗೆಂದು ಗೊತ್ತಿತ್ತು. ಅದೇ ಬೆಟ್ಟದ ಸೀಮೆಯಲ್ಲಿ, ಪಾಲಾರ್ ಬಳಿ, 1993ರ ಏಪ್ರಿಲ್ 9ರಂದು ವೀರಪ್ಪನ್ ಕಡೆಯವರು ಹೂತಿಟ್ಟ ನೆಲಬಾಂಬು ಯಾರ ಕಾಲನ್ನೂ ವಿಚಾರಿಸಲಿಲ್ಲ. 22 ಜನ ಹೋದರು. ಪೊಲೀಸರು, ಅರಣ್ಯದವರು, ಜೊತೆಗೆ ಬಂದ ಮಾಹಿತಿದಾರರು.

ಆ ನಾಲ್ಕು ಸೆಕೆಂಡನ್ನು ಬೇಕಾದರೆ ದೇವರ ಲೆಕ್ಕಕ್ಕೆ ಬರೆಯಲಿ, ನನ್ನ ತಕರಾರಿಲ್ಲ. ಲಿವರ್ ಅಂಗೈಯಲ್ಲಿದ್ದಷ್ಟು ಹೊತ್ತು ಮಾತ್ರ ನನ್ನದು. ಆಗ ಕಿವಿಗೊಡಬಹುದು, ಕೂಗಿ ಕೇಳಬಹುದು. ಕೈ ನಡುಗದಿದ್ದರೆ ಪಿನ್ ಮತ್ತೆ ತೂರಿಸಲೂಬಹುದು.

2021ರಲ್ಲಿ ಸೈನ್ಯಕ್ಕೆ ನಾಗಪುರದಲ್ಲಿ ತಯಾರಾದ ಹೊಸ ಗ್ರೆನೇಡ್ ಬಂತು. ಚೂರಿನ ಕವಚ ತೊಡಿಸಿದರೆ ಮರೆಯಲ್ಲಿ ನಿಂತು ಎಸೆಯುವುದಕ್ಕೆ. ಕಳಚಿದರೆ ಬಯಲಲ್ಲಿ ಮುನ್ನುಗ್ಗುವವನಿಗೆ. ಎದುರಿನವನ ಮೇಲಿನ ಕರುಣೆಯಿಂದಲ್ಲ, ಎಸೆಯುವವನ ಮೈ ಕಾಯಲೆಂದೇ ಮಾಡಿದ ಏರ್ಪಾಡು ಅದು. ಆದರೂ ತೊಡಿಸಲೋ ಕಳಚಲೋ ಎನ್ನುವುದನ್ನು ಸಿಪಾಯಿಯೇ ತೀರ್ಮಾನಿಸಬೇಕು. ಈಗಿನ ಹುಡುಗರಿಗೆ ನಮಗಿಂತ ಒಂದು ಪ್ರಶ್ನೆ ಹೆಚ್ಚು.