ಕುರಿಗಾಹಿಯ ಧರ್ಮ

ಪ್ರಜೆಗಳನ್ನು ಪಾಲಿಸುವ ಅರಸನನ್ನೂ ಜೀವರನ್ನು ಕಾಯುವ ದೇವರನ್ನೂ ಕುರಿಗಾಹಿಗೆ ಹೋಲಿಸುವ ವಾಡಿಕೆ ಅನೇಕ ಜನಾಂಗಗಳಲ್ಲಿ ಉಂಟು. ಹೋಲಿಕೆಯು ಇಂಪಾದುದು, ಆದರೆ ಅದರೊಳಗೆ ಒಂದು ಮುಳ್ಳು ಅಡಗಿದೆ. ಕುರಿಗಾಹಿಯು ತೋಳನ ಬಾಯಿಂದ ಮರಿಯನ್ನು ಉಳಿಸುವುದು ದಿಟ. ಕೆಲವು ತಿಂಗಳು ಕಳೆದ ಮೇಲೆ ಅದೇ ಮರಿಯನ್ನು ಸಂತೆಗೆ ಹೊಡೆದುಕೊಂಡು ಹೋಗುವುದೂ ದಿಟ. ಸಂತೆಯಿಂದ ಅದು ಎಲ್ಲಿಗೆ ಹೋಗುವುದೆಂಬುದನ್ನು ಅವನು ಅರಿಯದವನಲ್ಲ. ಹೀಗಿರುವಲ್ಲಿ ಅವನ ಪಾಲನೆಯನ್ನು ಪಾಲನೆಯೆಂದು ಕರೆಯಬಹುದೆ? ಅಥವಾ ಅದು ತಾಳ್ಮೆಯನ್ನು ಕಲಿತ ತೋಳನ ಹಸಿವು ಮಾತ್ರವೆ?

ಪ್ರಶ್ನೆಯು ಹೊಸದಲ್ಲ. ಪ್ಲೇಟೋವಿನ ‘ರಿಪಬ್ಲಿಕ್’ ಗ್ರಂಥದ ಮೊದಲ ಭಾಗದಲ್ಲಿ ಥ್ರಾಸಿಮಾಕಸನೆಂಬುವನು ಇದೇ ಮಾತನ್ನು ಎತ್ತುತ್ತಾನೆ. ಕುರಿ ಕಾಯುವವರು ಕುರಿಗಳನ್ನು ಕೊಬ್ಬಿಸುವುದು ಕುರಿಗಳ ಹಿತಕ್ಕಾಗಿಯಲ್ಲ, ತಮ್ಮ ಮತ್ತು ತಮ್ಮ ಒಡೆಯರ ಹಿತಕ್ಕಾಗಿ. ಆಳುವವರು ಪ್ರಜೆಗಳನ್ನು ನೋಡಿಕೊಳ್ಳುವುದೂ ಹಾಗೆಯೇ ಎಂಬುದು ಅವನ ವಾದ. ಸಾಕ್ರೆಟೀಸನ ಉತ್ತರವು ಬೇರೆ. ಕುರಿ ಕಾಯುವ ವಿದ್ಯೆಯು ವಿದ್ಯೆಯೆಂಬಷ್ಟರ ಮಟ್ಟಿಗೆ ಕುರಿಯ ಒಳಿತನ್ನೇ ನೋಡುತ್ತದೆ; ಅದರಿಂದ ಹಣ ಗಳಿಸುವುದು ಮತ್ತೊಂದು ವಿದ್ಯೆ; ಎರಡನ್ನೂ ಒಬ್ಬನೇ ನಡೆಸಿದ ಮಾತ್ರಕ್ಕೆ ಅವು ಒಂದಾಗಲಾರವು ಎಂದು ಅವನು ವಾದಿಸುತ್ತಾನೆ. ಮೊದಲನೆಯವನ ಮಾತು ಕಟುವಾದರೂ ಲೋಕಕ್ಕೆ ಹತ್ತಿರವಾಗಿದೆ. ಎರಡನೆಯವನ ಮಾತು ಸೊಗಸಾದರೂ ಸಂತೆಯನ್ನು ಮರೆತಂತೆ ತೋರುತ್ತದೆ. ಮಾತಿನಲ್ಲಿ ತೀರದ ಈ ವ್ಯಾಜ್ಯವನ್ನು ಕುರಿಹಟ್ಟಿಯಲ್ಲಿ ಪರೀಕ್ಷಿಸಿ ನೋಡಬಹುದು.

ಐದು ತಿಂಗಳು ಗರ್ಭದಲ್ಲಿದ್ದು ಹುಟ್ಟಿದ ಮರಿಯು ರೋಗಗಳನ್ನು ಎದುರಿಸುವ ಶಕ್ತಿಯನ್ನು ತಾಯಿಯ ರಕ್ತದಿಂದ ಪಡೆದು ಬಂದಿರುವುದಿಲ್ಲ. ಕುರಿಯಲ್ಲಿ ಆ ಶಕ್ತಿಯು ಗಿಣ್ಣುಹಾಲಿನ ಮೂಲಕವೇ ಮರಿಗೆ ದಾಟಬೇಕು. ಅದನ್ನು ಹಾಗೆಯೇ ಹೀರಿಕೊಳ್ಳುವ ಗುಣ ಮರಿಯ ಕರುಳಿಗೆ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚಾಗಿದ್ದು, ಒಂದು ದಿನ ಕಳೆಯುವುದರೊಳಗೆ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಆದುದರಿಂದ ಮರಿಯು ತನ್ನ ತೂಕದ ಹತ್ತರಲ್ಲೊಂದು ಪಾಲಿಗೆ ಕಡಿಮೆಯಿಲ್ಲದಷ್ಟು ಗಿಣ್ಣನ್ನು ಮೊದಲ ದಿನದಲ್ಲೇ ಕುಡಿಯಬೇಕು; ಹೊಕ್ಕುಳಿಗೆ ಅಯೋಡಿನ್ ಹಚ್ಚಬೇಕು; ತಾಯಿ ನೆಕ್ಕದೆ ಬಿಟ್ಟ ಮೈಯನ್ನು ಒರಸಿ ಬೆಚ್ಚಗಿಡಬೇಕು. ನಡುರಾತ್ರಿಯಲ್ಲಿ ಮಳೆ ಸುರಿಯುತ್ತಿದ್ದರೂ ಈ ಕೆಲಸಗಳು ಬೆಳಗಿನವರೆಗೆ ಕಾಯಲಾರವು. ಇಲ್ಲಿ ಒಡೆಯನ ಅನುಕೂಲಕ್ಕೆ ಅವಕಾಶವಿಲ್ಲ. ಮರಿಯ ಪ್ರಕೃತಿಯೇ ಆಜ್ಞೆ ಮಾಡುತ್ತದೆ. ಒಡೆಯನೆನಿಸಿಕೊಂಡವನು ಆಳಿನಂತೆ ನಡೆದುಕೊಳ್ಳಬೇಕು.

ಮೇವಿನ ವಿಷಯವೂ ಹೀಗೆಯೇ. ಮುಂಗಾರು ಬಿದ್ದು ಎಳೆಹುಲ್ಲು ಚಿಗುರಿದಾಗ ಕುರಿಯನ್ನು ಹೊಟ್ಟೆಬಿರಿಯ ಮೇಯಿಸಿ ಬೇಗನೆ ಬೆಳೆಸೋಣವೆಂಬ ಆಸೆ ಯಾರಿಗಾದರೂ ಹುಟ್ಟುವುದೇ. ಆದರೆ ಸುಮ್ಮನೆ ಕರುಳಿನಲ್ಲಿ ಇದ್ದ ರೋಗಾಣುವೊಂದು ಆ ಸಮೃದ್ಧಿಯಲ್ಲೇ ಪ್ರಬಲಿಸಿ ವಿಷವನ್ನು ಉಂಟುಮಾಡುತ್ತದೆ. ಕರುಳುಬೇನೆಯೆಂಬ ಈ ರೋಗಕ್ಕೆ ಹಿಂಡಿನ ಪುಷ್ಟವಾದ ಮರಿಗಳೇ ಮುಂಚಿತವಾಗಿ ತುತ್ತಾಗುವುದುಂಟು. ಈಯುವ ಮುನ್ನ ತಾಯಿಗೆ ಲಸಿಕೆ ಹಾಕಿಸಿದ್ದರೆ ಅದರ ಫಲವೂ ಗಿಣ್ಣಿನ ಮೂಲಕ ಮರಿಗೆ ಸಲ್ಲುತ್ತದೆ. ಇನ್ನು, ಜಂತುಹುಳುಗಳ ಮರಿಗಳು ಇಬ್ಬನಿಯ ತೇವದಲ್ಲಿ ಹುಲ್ಲಿನ ಎಸಳನ್ನು ಏರಿ ಕುಳಿತಿರುತ್ತವೆ. ಇಬ್ಬನಿ ಆರಿದ ಮೇಲೆಯೇ ಕುರಿ ಬಿಡುವ ಹಿರಿಯರ ಪದ್ಧತಿಯೂ ಒಂದೇ ಬಯಲನ್ನು ಬೋಳಾಗುವವರೆಗೆ ಮೇಯಿಸದೆ ಮುಂದಕ್ಕೆ ಸಾಗುವ ಕ್ರಮವೂ ಹುಲ್ಲಿಗೂ ಕುರಿಗೂ ಒಟ್ಟಿಗೆ ಹಿತವಾದುವು. ಬೇರು ಉಳಿಯುವಂತೆ ಮೇಯಿಸುವವನು ಹಿಂದೆ ಬರುವ ಹಿಂಡಿನ ಪಾಲನ್ನೂ ಉಳಿಸುತ್ತಾನೆ. ಹೀಗೆ ನೋಡಿದರೆ ಕುರಿಗಾಹಿಯ ವಿದ್ಯೆಯ ಬಹುಭಾಗವು ಆಸೆಯನ್ನು ತಡೆಯುವ ವಿದ್ಯೆಯೇ ಆಗಿದೆ.

ಇದಕ್ಕೆ ಥ್ರಾಸಿಮಾಕಸನ ಪಕ್ಷದವರು ಸುಮ್ಮನಿರಲಾರರು. ಸತ್ತ ಮರಿಯಿಂದ ಹಣ ಬಾರದು. ಆದುದರಿಂದ ಈ ಎಚ್ಚರವೆಲ್ಲವೂ ಲಾಭದ ಎಚ್ಚರವೇ ಎಂದು ಅವರು ಹೇಳಬಹುದು. ಆಕ್ಷೇಪಣೆಯಲ್ಲಿ ಸತ್ಯವಿದೆ. ಹಿತವೂ ಲಾಭವೂ ಒಂದೇ ದಾರಿಯಲ್ಲಿ ನಡೆಯುವವರೆಗೆ ಯಾವುದು ಯಾವುದನ್ನು ನಡೆಸುತ್ತಿದೆಯೆಂದು ಹೇಳುವುದು ಕಷ್ಟ. ಅವು ಅಗಲುವ ಕವಲಿನಲ್ಲಿಯೇ ಮನುಷ್ಯನ ಪರೀಕ್ಷೆಯಾಗಬೇಕು. ಅವಳಿಗಳಲ್ಲಿ ಸೊರಗಿದ ಮರಿಗೆ ಕೊಡುವ ಹಾಲು ಅದರ ಬೆಲೆಗಿಂತ ಹೆಚ್ಚಾಗಬಹುದು. ಈದು ಈದು ಮುದಿಯಾದ ಕುರಿಗೆ ಕೊಳ್ಳುವವರಿಲ್ಲದಿರಬಹುದು. ಸಂತೆಗೆ ಸಾಗಿಸುವ ಬಂಡಿಯಲ್ಲಿ ಹತ್ತು ಕುರಿಗಳ ಜಾಗದಲ್ಲಿ ಇಪ್ಪತ್ತನ್ನು ತುಂಬಿದರೆ ಬಾಡಿಗೆ ಉಳಿಯುವುದು. ಇಂಥ ಎಡೆಗಳಲ್ಲಿ ಲೆಕ್ಕವು ಒಂದು ಮಾತನ್ನು ಹೇಳುತ್ತದೆ, ಪಾಲನೆಯು ಮತ್ತೊಂದನ್ನು. ಯಾವನು ಆಗಲೂ ಪಾಲನೆಯ ಮಾತನ್ನು ಕೇಳುವನೋ ಅವನಲ್ಲಿ ಸಾಕ್ರೆಟೀಸನು ಹೇಳಿದ ವಿದ್ಯೆಯು ನಿಜವಾಗಿ ನೆಲೆಸಿದೆಯೆನ್ನಬೇಕು.

ಆದರೂ ಕೊಲೆಯ ಪ್ರಶ್ನೆಯು ಇಷ್ಟರಿಂದ ಅಳಿಸಿಹೋಗುವುದಿಲ್ಲ. ಈ ವಿಷಯದಲ್ಲಿ ಕನ್ನಡ ನಾಡಿನ ವಿವೇಕವು ಬಹು ಸೂಕ್ಷ್ಮವಾದುದು. ೧೨೦೯ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಯಶೋಧರನೂ ಅವನ ತಾಯಿಯೂ ಹಲವು ಜನ್ಮಗಳಲ್ಲಿ ಮೃಗಪಕ್ಷಿಗಳಾಗಿ ನೋಯುತ್ತಾರೆ. ಪ್ರಾಣವಿಲ್ಲದ ಹಿಟ್ಟನ್ನು ಕಡಿದರೂ ಕೊಲ್ಲುವ ಸಂಕಲ್ಪವೇ ಪಾಪವಾಯಿತೆಂಬುದು ಅಲ್ಲಿನ ತತ್ತ್ವ. ಆ ಅಳತೆಯಿಂದ ಅಳೆದರೆ ಕುರಿಗಾಹಿಯು ನಿರ್ದೋಷಿಯಲ್ಲ. ಸಲಹಿದ ಕೈಯ ಮಮತೆಯು ಮಾರಿದ ಕೈಯ ಹೊಣೆಯನ್ನು ತೊಳೆಯಲಾರದು. ಆದರೆ ಇದರ ಮಗ್ಗುಲನ್ನೂ ನೋಡಬೇಕು. ಸಂಕಲ್ಪಕ್ಕೆ ಅಷ್ಟು ಭಾರವಿದ್ದರೆ ಒಳ್ಳೆಯ ಸಂಕಲ್ಪಕ್ಕೂ ಅದರ ಭಾರವಿರಬೇಕು. ನಡುರಾತ್ರಿಯಲ್ಲಿ ತಬ್ಬಲಿ ಮರಿಗೆ ಹಾಲೂಡಿದ ದಯೆಯು ಮುಂದೆ ನಡೆದ ಮಾರಾಟದಿಂದ ಹಿಂದಕ್ಕೆ ಹೋಗಿ ಸುಳ್ಳಾಗುವುದಿಲ್ಲ. ಒಂದು ಮತ್ತೊಂದನ್ನು ಅಳಿಸಲಾರದು. ಎರಡೂ ಒಬ್ಬನ ಲೆಕ್ಕದಲ್ಲಿಯೇ ಉಳಿಯುತ್ತವೆ.

ಒಬ್ಬನದೆಂದರೂ ಪೂರ್ತಿಯಾಗದು. ಮಾಂಸ ತಿನ್ನುವ ಮನೆಯವರು ಆ ಲೆಕ್ಕದಲ್ಲಿ ಪಾಲುಗಾರರೆಂಬುದು ಸ್ಪಷ್ಟ. ತಿನ್ನದವರೂ ದೂರ ನಿಲ್ಲಲಾರರು. ಸುಗ್ಗಿ ತೀರಿದ ಮೇಲೆ ಬಯಲುಸೀಮೆಯ ರೈತರು ಹೊಲಗಳಲ್ಲಿ ರಾತ್ರಿ ಕುರಿಮಂದೆಯನ್ನು ನಿಲ್ಲಿಸಿ, ಅದರ ಹಿಕ್ಕೆ ಗಂಜಳಗಳಿಗಾಗಿ ಕುರಿಗಾಹಿಗೆ ಕಾಳನ್ನೋ ಹಣವನ್ನೋ ಕೊಡುವುದುಂಟು. ಆ ಹೊಲದ ಜೋಳವನ್ನು ಉಂಡವರೂ ಚಳ್ಳಕೆರೆಯ ಕಂಬಳಿಯನ್ನು ಹೊದ್ದವರೂ ಆ ಮಂದೆಯ ಫಲವನ್ನು ಅನುಭವಿಸಿದವರೇ. ಮಂದೆಯಾದರೋ ಗಂಡುಮರಿಗಳ ಮಾರಾಟದಿಂದಲೇ ಬಹುಮಟ್ಟಿಗೆ ನಿಂತಿದೆ. ತಾನು ಪಾತ್ರೆಯನ್ನು ಮಾತ್ರ ಶುದ್ಧವಾಗಿಟ್ಟುಕೊಂಡು, ಪಾಪವನ್ನು ಬಿಸಿಲಿನಲ್ಲಿ ಅಲೆಯುವ ಬಡವನ ತಲೆಗೆ ಹೊರಿಸುವವನ ಅಹಿಂಸೆಯಲ್ಲಿ ಸತ್ಯದ ಪಾಲು ಕಡಿಮೆ. ತಾನು ತಿನ್ನದಿರುವುದು ಒಳ್ಳೆಯ ವ್ರತ. ತಾನು ಹೊರಗಿನವನೆಂದು ಭಾವಿಸುವುದು ಭ್ರಾಂತಿ.

ಆದುದರಿಂದ ಕುರಿಗಾಹಿಯ ಹೋಲಿಕೆಯು ಸುಳ್ಳಲ್ಲ, ಅಪೂರ್ಣ. ಮರಿಯ ಆಯುಸ್ಸು ಅವನ ಕೈಯಲ್ಲಿದೆಯೆಂಬ ಕಾರಣದಿಂದ ಅದರ ದಿನಗಳು ಅವನವಾಗುವುದಿಲ್ಲ. ಬೆಲೆ ಕಟ್ಟುವ ಹಕ್ಕು ಅವನಿಗಿದ್ದರೆ ಬಾಳುವಷ್ಟು ದಿನ ಹಸಿವು, ಭಯ, ರೋಗಗಳಿಲ್ಲದೆ ಬಾಳುವ ಹಕ್ಕು ಮರಿಗೂ ಇದೆ. ಕೊನೆಯು ಬೇರೆಯಾಗಬೇಕೆ ಎಂಬುದನ್ನು ಪ್ರತಿಯೊಬ್ಬನೂ ತನ್ನ ಊಟದ ಎಲೆಯ ಮುಂದೆ ತಾನೇ ತೀರ್ಮಾನಿಸಬೇಕು. ಹುಟ್ಟಿಗೂ ಕೊನೆಗೂ ನಡುವೆ ಇರುವ ಬಾಳಿನ ಸಾಲವನ್ನಾದರೋ ಆ ತೀರ್ಮಾನಕ್ಕೆ ಕಾಯದೆ ದಿನದಿನವೂ ಸಲ್ಲಿಸತಕ್ಕದ್ದು.