ಬಿರಿದ ಕೇಸಿಂಗ್ ಮತ್ತು ಅನುಮಾನ ಪ್ರಮಾಣ

ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಆಕ್ಸಲ್ ಮೂರೂ ಒಂದೇ ಕೇಸಿಂಗಿನಲ್ಲಿ ಅಡಕವಾದ ಭಾಗಕ್ಕೆ ಟ್ರಾನ್ಸ್‌ಆಕ್ಸಲ್ ಎನ್ನುತ್ತಾರೆ. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ತಯಾರಾಗುತ್ತಿದ್ದ, 1986ರಲ್ಲಿ ಟೋರೊ ಕಂಪನಿಯ ಕೈಸೇರಿದ ವೀಲ್ ಹಾರ್ಸ್ ತೋಟದ ಟ್ರಾಕ್ಟರುಗಳಲ್ಲಿ ಈ ಕೇಸಿಂಗ್ ಬೀಡು ಕಬ್ಬಿಣದ್ದು. ಅದರ ಎರಡು ಹೋಳುಗಳ ನಡುವೆ ಗ್ಯಾಸ್ಕೆಟ್ ಇಟ್ಟು ಬೋಲ್ಟುಗಳಿಂದ ಬಿಗಿದಿರುತ್ತದೆ. ಒಳಗೆ ಗೇರುಗಳು ದಪ್ಪ ಎಣ್ಣೆಯಲ್ಲಿ ತಿರುಗುತ್ತವೆ. ಇಂಥ ಹಳೆಯ ಗಾಡಿಯ ಅಡಿಯಲ್ಲಿ ಎಣ್ಣೆ ಕಲೆ ಬಿದ್ದಾಗ, ಕೇಸಿಂಗ್ ಬಿರಿದಿದೆ ಎನ್ನಲು ಆಧಾರವೇನು? ಕಂಡದ್ದು ಎಣ್ಣೆ, ಕಾಣದ್ದು ಬಿರುಕು. ಕಂಡದ್ದರ ಕೈಹಿಡಿದು ಕಾಣದ್ದನ್ನು ತಲುಪುವ ಈ ನಡೆಗೆ ಅನುಮಾನ ಎಂದು ಹೆಸರು; ಅದನ್ನು ನ್ಯಾಯದರ್ಶನದ ಪಂಡಿತರಾದ ನೈಯಾಯಿಕರಷ್ಟು ಕೂಲಂಕಷವಾಗಿ ಪರಿಶೀಲಿಸಿದವರು ವಿರಳ.

ಗೌತಮನ ನ್ಯಾಯಸೂತ್ರ ಅನುಮಾನದಲ್ಲಿ ಮೂರು ಬಗೆ ಹೇಳುತ್ತದೆ. ಅವುಗಳಲ್ಲಿ ಶೇಷವತ್ ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಎರಡು ಅರ್ಥ ಕೊಡುತ್ತಾನೆ. ಒಂದು, ಕಾರ್ಯದಿಂದ ಕಾರಣವನ್ನು ಊಹಿಸುವುದು: ನದಿ ಉಕ್ಕಿ ಹರಿದರೆ ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುವಂತೆ. ಇನ್ನೊಂದು, ಸಾಧ್ಯತೆಗಳನ್ನು ಒಂದೊಂದಾಗಿ ತಳ್ಳಿ ಉಳಿದದ್ದನ್ನು ಒಪ್ಪುವುದು. ಟ್ರಾನ್ಸ್‌ಆಕ್ಸಲಿನ ಪರೀಕ್ಷೆಗೆ ಮೊದಲನೆಯದು ಸಾಲದು, ಎರಡನೆಯದೂ ಬೇಕು. ಆಕ್ಸಲಿನ ಆಯಿಲ್ ಸೀಲ್ ಸವೆದಿದ್ದರೂ ಎಣ್ಣೆ ಸೋರುತ್ತದೆ. ಗ್ಯಾಸ್ಕೆಟ್ ಹಾಳಾಗಿದ್ದರೂ ಬೋಲ್ಟು ಸಡಿಲಾಗಿದ್ದರೂ ಸೋರುತ್ತದೆ. ಸಾಧಿಸಬೇಕಾದದ್ದು ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ಇಂಥ ಗುರುತನ್ನು, ಅಂದರೆ ಹೇತುವನ್ನು, ನ್ಯಾಯಶಾಸ್ತ್ರ ಸವ್ಯಭಿಚಾರ ಎಂದು ಕರೆದು ದೋಷಗಳ ಸಾಲಿಗೆ ಸೇರಿಸಿದೆ.

ಆದ್ದರಿಂದ ಹೇತುವನ್ನು ಹರಿತಗೊಳಿಸಬೇಕು. ಕೇಸಿಂಗಿನ ಜಿಡ್ಡು, ಮಣ್ಣು ತೊಳೆದು ಒಣಗಿಸಿ, ಸಂಶಯವಿರುವ ಜಾಗಕ್ಕೆ ಸೀಮೆಸುಣ್ಣದ ಪುಡಿ ಬಳಿದು ಕಾಯಬೇಕು. ಸೀಲು, ಗ್ಯಾಸ್ಕೆಟ್ ಅಂಚು, ಬೋಲ್ಟುಗಳ ಸುತ್ತ ಸುಣ್ಣ ಒಣಗಿಯೇ ಉಳಿದು, ಬರಿಯ ಕಬ್ಬಿಣದ ಮೈಮೇಲೆ ಕೂದಲೆಳೆಯಂಥ ಎಣ್ಣೆಗೆರೆ ಮೂಡಿದರೆ ಉಳಿದ ಕಾರಣಗಳೆಲ್ಲ ಬಿದ್ದುಹೋಗುತ್ತವೆ. ಈಗಿನ ಹೇತು ಬರೀ ಎಣ್ಣೆಯಲ್ಲ, ಜೋಡಣೆಯೇ ಇಲ್ಲದ ಜಾಗದಲ್ಲಿ ಗೆರೆಯಾಗಿ ಮೂಡಿದ ಎಣ್ಣೆ.

ಇಷ್ಟಾದರೂ ಕಂಡದ್ದನ್ನಷ್ಟೇ ನಂಬುವ ಚಾರ್ವಾಕನ ಆಕ್ಷೇಪ ಬಾಕಿ ಇರುತ್ತದೆ: ಇಂಥ ಗೆರೆ ಇದ್ದಲ್ಲೆಲ್ಲ ಬಿರುಕಿದೆ ಎಂಬ ತಪ್ಪದ ನಂಟನ್ನು, ಅಂದರೆ ವ್ಯಾಪ್ತಿಯನ್ನು, ಎಲ್ಲ ಕಾಲದ ಎಲ್ಲ ಕೇಸಿಂಗುಗಳಲ್ಲಿ ನೋಡಿದವರು ಯಾರು? ನೈಯಾಯಿಕ ಉದಯನ ನ್ಯಾಯಕುಸುಮಾಂಜಲಿಯಲ್ಲಿ ಕೊಟ್ಟ ಉತ್ತರ ಗಟ್ಟಿಯಾದದ್ದು. ಸಂಶಯಕ್ಕೂ ಒಂದು ಎಲ್ಲೆಯಿದೆ. ಸಂಶಯಿಸುವವನ ನಡವಳಿಕೆಯೇ ಅವನ ಸಂಶಯಕ್ಕೆ ವಿರುದ್ಧವಾದಾಗ ಅದು ನಿಲ್ಲುತ್ತದೆ. ಎಣ್ಣೆ ಕಾರಣವಿಲ್ಲದೆಯೂ ಹೊರಬರಬಹುದು ಎನ್ನುವವನು ಸೀಲು ಬದಲಿಸಲು ಸ್ಪ್ಯಾನರ್ ಹಿಡಿಯಬಾರದಿತ್ತು. ಉದಯನನ ಈ ಮಾತನ್ನೇ ಅದ್ವೈತಿ ಶ್ರೀಹರ್ಷ ಖಂಡನಖಂಡಖಾದ್ಯದಲ್ಲಿ ತಿರುಗಿಸಿ ಹೊಡೆದ. ಮುಂದಿನ ನೈಯಾಯಿಕ ಗಂಗೇಶ ತತ್ತ್ವಚಿಂತಾಮಣಿಯಲ್ಲಿ ಅದಕ್ಕೆ ಸಮಾಧಾನ ಹೇಳಿದ.

ಬಿರುಕು ಸಿಕ್ಕಲ್ಲಿಗೆ ಅನುಮಾನದ ಕೆಲಸ ಮುಗಿಯಿತೆಂದುಕೊಳ್ಳುವುದೇ ದುರಸ್ತಿಯಲ್ಲಿ ದೊಡ್ಡ ತಪ್ಪು. ಎಣ್ಣೆಗೆ ಕಾರಣವಾದ ಬಿರುಕು ತಾನೂ ಒಂದು ಕಾರ್ಯ. ಮಳೆಗೆ ನಿಂತ ಗಾಡಿಯಲ್ಲಿ ಗೇರ್ ಲಿವರಿನ ಬುಡದ ರಬ್ಬರ್ ಹರಿದಿದ್ದರೆ ನೀರು ಒಳಗಿಳಿದು, ಎಣ್ಣೆಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದಾಗ ಗಾತ್ರ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಬೀಡು ಕಬ್ಬಿಣಕ್ಕೆ ಬಾಗುವ ಗುಣವಿಲ್ಲ, ಬಿರಿಯುತ್ತದೆ. ಬಸಿದ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದು ಬಿರುಕು ತಳದಲ್ಲಿದ್ದರೆ ನೀರನ್ನೇ ಶಂಕಿಸಬೇಕು. ಬಿರುಕು ಬೋಲ್ಟು ತೂತಿನಿಂದ ಹೊರಟಿದ್ದರೆ ಸಡಿಲ ಬೋಲ್ಟು, ಅತಿಭಾರಗಳನ್ನು ನೋಡಬೇಕು.

ದುರಸ್ತಿಯಲ್ಲಿ ಕೇಸಿಂಗನ್ನು ಪೂರ್ತಿ ಬಿಚ್ಚಿ, ಬಿರುಕಿನ ಎರಡು ತುದಿಗಳಲ್ಲೂ ಸಣ್ಣ ತೂತು ಕೊರೆಯುತ್ತಾರೆ; ಬಿರುಕು ಮುಂದೆ ಓಡದಂತೆ ಅದು ತಡೆಯುತ್ತದೆ. ಕಬ್ಬಿಣ ಹೀರಿದ ಎಣ್ಣೆಯನ್ನು ಕಾಯಿಸಿ ಹೊರಡಿಸಿ, ಬಿರುಕಿನುದ್ದಕ್ಕೂ ತೋಡು ಕೊರೆದು, ನಿಕ್ಕಲ್ ರಾಡಿನಿಂದ ಒಮ್ಮೆಗೆ ಒಂದಂಗುಲದಷ್ಟೇ ವೆಲ್ಡ್ ಮಾಡಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಇಂಗಾಲ ಹೆಚ್ಚಿರುವ ಈ ಲೋಹ ಬೇಗ ತಣಿದರೆ ವೆಲ್ಡಿನ ಪಕ್ಕದಲ್ಲೇ ಗಡುಸಾಗಿ ಮತ್ತೆ ಸೀಳುವುದರಿಂದ ನಿಧಾನವಾಗಿ ಆರಲು ಬಿಡಬೇಕು. ಬಿರುಕು ಬೇರಿಂಗ್ ಕೂರುವ ಜಾಗವನ್ನು ಹಾಯ್ದಿದ್ದರೆ ಆ ಹೋಳನ್ನೇ ಬದಲಿಸುವುದು ಲೇಸು.

ಎಣ್ಣೆ ತುಂಬಿದ ಮೇಲೆ ಸೋರಿಕೆ ನಿಂತರೆ ರೋಗನಿರ್ಣಯ ಸರಿಯೆಂದು ಸಾಬೀತಾಯಿತೇ? ಜ್ಞಾನದ ಪ್ರಾಮಾಣ್ಯ, ಅಂದರೆ ಅದರ ಸತ್ಯತೆ, ಅದನ್ನು ನಂಬಿ ಮಾಡಿದ ಕೆಲಸದ ಸಾಫಲ್ಯದಿಂದ ತಿಳಿಯುತ್ತದೆ ಎಂಬುದು ನೈಯಾಯಿಕರ ನಿಲುವು. ವಿಜಯನಗರದ ಕಾಲದ ದ್ವೈತ ಆಚಾರ್ಯ ವ್ಯಾಸತೀರ್ಥರು ತರ್ಕತಾಂಡವದಲ್ಲಿ ಇದನ್ನು ಒಪ್ಪುವುದಿಲ್ಲ. ಒಂದು ಜ್ಞಾನವನ್ನು ಇನ್ನೊಂದು ಸಾಬೀತುಪಡಿಸಬೇಕಾದರೆ ಅದಕ್ಕೆ ಮತ್ತೊಂದು ಬೇಕು; ಈ ಕೊನೆಯಿಲ್ಲದ ಸರಣಿಯೇ ಅನವಸ್ಥೆ. ಹುಟ್ಟಿದ ಸಂಶಯವನ್ನು ಪರೀಕ್ಷೆ ಕಳೆಯುತ್ತದೆ ಅಷ್ಟೇ, ಪ್ರಾಮಾಣ್ಯವನ್ನು ಗ್ರಹಿಸುವುದು ಆತ್ಮದೊಳಗಿನ ಅರಿವಾದ ಸಾಕ್ಷಿಯೇ ಎಂಬುದು ದ್ವೈತದ ಪಕ್ಷ. ದುರಸ್ತಿಯ ಮಟ್ಟಿಗೆ ಈ ಪಕ್ಷಕ್ಕೆ ಹೆಚ್ಚು ತೂಕವಿದೆ. ಸೋರಿಕೆ ನಿಂತದ್ದು ಬಿರುಕಿನ ಬಗೆಗಿನ ಸಂಶಯವನ್ನಷ್ಟೇ ಕಳೆಯುತ್ತದೆ. ನೀರಿನ ಬಗೆಗಿನದನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಲಿವರಿನ ರಬ್ಬರ್ ಬದಲಿಸಿ, ಮಳೆಗಾಲ ಕಳೆದು ಚಳಿ ಹತ್ತುವ ಮೊದಲು ಎಣ್ಣೆಯನ್ನು ಬಸಿದು ಅದರ ಬಣ್ಣ ನೋಡುವುದು ಬೇರೆಯದೇ ಪರೀಕ್ಷೆ.