ಕಾಯಲು ಪುರುಸೊತ್ತಿದ್ದವರ ಕಡಲು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಆಗ್ನೇಯ ಮೂಲೆಯ ಕರಾವಳಿಗೆ ಕ್ಯಾಟ್ಲಿನ್ಸ್ ಎಂದು ಹೆಸರು. ಡ್ಯೂನಿಡಿನ್‌ನಿಂದ ಬೆಳಿಗ್ಗೆ ಹೊರಟರೆ ಈ ದಾರಿಯಾಗಿ ಸಂಜೆಯೊಳಗೆ ಇನ್ವರ್‌ಕಾರ್ಗಿಲ್ ಸೇರಬಹುದು. ಹಾಸಿಗೆ, ಒಲೆ, ಶೌಚಾಲಯ ಎಲ್ಲವೂ ಇರುವ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದವರೂ ಹಾಗೆ ಒಂದೇ ದಿನದಲ್ಲಿ ದಾಟಿಹೋದರೆ ನನಗೆ ಸಂಕಟವಾಗುತ್ತದೆ. ಮನೆಯೇ ಜೊತೆಗಿರುವಾಗ ಕತ್ತಲಾಗುವ ಮುಂಚೆ ಯಾವ ಊರು ಮುಟ್ಟಬೇಕು?

ಇಲ್ಲಿ ಹೊತ್ತು ಗೊತ್ತುಮಾಡುವುದು ಕಡಲು. ಕ್ಯೂರಿಯೊ ಬೇ ಎಂಬಲ್ಲಿ ಸುಮಾರು 18 ಕೋಟಿ ವರ್ಷಗಳ ಹಿಂದಿನ ಕಾಡೊಂದು ಕಲ್ಲಾಗಿ ಉಳಿದಿದೆ. ಮರದ ಬುಡಗಳು, ಉರುಳಿದ ದಿಮ್ಮಿಗಳು ಇಳಿತದ ಹೊತ್ತಿಗೆ ಬಂಡೆಯ ಮೇಲೆ ತೆರೆದುಕೊಳ್ಳುತ್ತವೆ. ಉಬ್ಬರ ಬಂತೆಂದರೆ ಎಲ್ಲವೂ ನೀರಿನಡಿಗೆ. ಮಧ್ಯಾಹ್ನ ಬಂದು ಅಲೆಗಳನ್ನಷ್ಟೇ ಕಂಡವರು ಕಾಡು ನೋಡಲು ಉಳಿಯಲೇಬೇಕು. ಪಕ್ಕದ ದಿಣ್ಣೆಯ ಮೇಲೇ ವ್ಯಾನ್ ನಿಲ್ಲಿಸಿ ತಂಗುವ ಜಾಗವಿದೆ. ದಿಣ್ಣೆಯ ಆಚೆ ಬದಿಯ ಪೋರ್ಪಸ್ ಬೇಗೆ ಬೇಸಿಗೆಯಲ್ಲಿ ಹೆಕ್ಟರ್ ಡಾಲ್ಫಿನ್‌ಗಳು ದಡದ ತೀರಾ ಹತ್ತಿರಕ್ಕೆ ಬರುತ್ತವೆ. ಒಂದೂವರೆ ಮೀಟರ್ ಮೀರದ, ದುಂಡನೆಯ ಬೆನ್ನುರೆಕ್ಕೆಯ ಈ ಪುಟ್ಟ ಜೀವಿಗಳು ನ್ಯೂಜಿಲೆಂಡ್ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಹಳದಿ ಕಣ್ಣಿನ ಪೆಂಗ್ವಿನ್ ಮೇಲೆ. ಮಾವೊರಿ ಜನ ಇದನ್ನು ಹೊಯಿಹೊ ಎನ್ನುತ್ತಾರೆ. ದೇಶದ 5 ಡಾಲರ್ ನೋಟಿನ ಮೇಲೂ ಇದರ ಚಿತ್ರವಿದೆ. ಸಂಕೋಚದ ಹಕ್ಕಿ. ಪೊದೆಗಳ ಮರೆಯಲ್ಲಿ, ಒಂದು ಜೋಡಿ ಇನ್ನೊಂದರ ಕಣ್ಣಿಗೆ ಬೀಳದಂತೆ ಗೂಡು ಮಾಡುತ್ತದೆ. ಹಗಲೆಲ್ಲ ಕಡಲಲ್ಲಿ ಮೀನು ಹಿಡಿದು, ಇಳಿಹೊತ್ತಿಗೆ ಮರಿಗಳಿಗೆ ಉಣಿಸಲು ದಡಕ್ಕೆ ಬರುತ್ತದೆ. ಆಗ ಮರಳಿನ ಮೇಲೆ ಮನುಷ್ಯರು ಕಂಡರೆ ನೀರಿನಲ್ಲೇ ನಿಂತುಬಿಡುತ್ತದೆ. ಫೋಟೊಗೆಂದು ನಾವು ಅಲ್ಲಿ ಅಡ್ಡಾಡುವಷ್ಟು ಹೊತ್ತೂ ಪೊದೆಯೊಳಗೆ ಮರಿಗಳು ಹಸಿದಿರುತ್ತವೆ. ಬಲೆಗೆ ಸಿಕ್ಕಿ, ರೋಗ ತಗುಲಿ, ಸಾಕಷ್ಟು ಆಹಾರ ಸಿಗದೆ ಈ ಕರಾವಳಿಯಲ್ಲಿ ಇವುಗಳ ಸಂಖ್ಯೆ ಕುಸಿಯುತ್ತಿರುವಾಗ, ಒಂದು ಸಂಜೆಯ ಊಟವೂ ಸಣ್ಣದಲ್ಲ. ನಗೆಟ್ ಪಾಯಿಂಟ್ ದೀಪಸ್ತಂಭದ ದಾರಿಯಲ್ಲಿರುವ ರೋರಿಂಗ್ ಬೇಯಲ್ಲಿ ಮರೆಯಾಗಿ ಕೂತು ನೋಡಲು ಹಲಗೆಯ ಗುಡಿಸಲೊಂದಿದೆ. ಅದರ ಕಿಂಡಿಯ ಹಿಂದೆ ಗಂಟೆಗಟ್ಟಲೆ ಕೂತರೂ ಒಂದೇ ಹಕ್ಕಿ ಕಾಣಬಹುದು, ಒಂದೂ ಕಾಣದೆಯೂ ಇರಬಹುದು. ರಾತ್ರಿಯ ಹೋಟೆಲ್ ಎಲ್ಲೋ ದೂರದಲ್ಲಿ ಕಾದಿದ್ದರೆ ಅಷ್ಟು ಹೊತ್ತು ಕೂರುವ ನೆಮ್ಮದಿ ಯಾರಿಗಿರುತ್ತದೆ?

ಕಡಲಸಿಂಹಗಳ ಕಥೆ ಸ್ವಲ್ಪ ಹಿತವಾದದ್ದು. ಬೇಟೆಗೆ ಸಿಕ್ಕು ದೇಶದ ಮುಖ್ಯ ದ್ವೀಪಗಳ ದಡದಿಂದ ಅವುಗಳ ಸಂತಾನ ಅಳಿದೇಹೋಗಿತ್ತು. 1993ರಲ್ಲಿ ಡ್ಯೂನಿಡಿನ್ ಸುತ್ತಿನ ಒಟಾಗೊ ಕರಾವಳಿಯಲ್ಲಿ ಹೆಣ್ಣೊಂದು ಮರಿ ಹಾಕಿತು. ಒಂದೂವರೆ ಶತಮಾನದಿಂದ ಅಂಥದ್ದು ನಡೆದಿರಲಿಲ್ಲ. ಮರಿಯನ್ನು ಬಚ್ಚಿಡಲು ತಾಯಿ ದಡ ಬಿಟ್ಟು ಕಾಡಿನೊಳಗೂ ಹೋಗುವುದರಿಂದ, ಚಾರಣದ ಹಾದಿಯಲ್ಲೂ ಅವು ಎದುರಾದಾವು. ಆಗ 20 ಮೀಟರ್ ದೂರ ನಿಲ್ಲಬೇಕು, ಪೆಂಗ್ವಿನ್ ಆದರೆ 50. ಡ್ಯೂನಿಡಿನ್ ನಗರದಲ್ಲಿ ಇಂಥ ಒಬ್ಬ ತಾಯಿ ಮತ್ತು ಅವಳ ಮರಿಗಾಗಿ ಕಡಲಬದಿಯ ರಸ್ತೆಯೊಂದನ್ನು ತಿಂಗಳ ಕಾಲ ವಾಹನಗಳಿಗೆ ಮುಚ್ಚಿದ್ದೂ ಉಂಟು.

ನಮ್ಮಂತೆಯೇ ಎಡಬದಿಯಲ್ಲಿ ಗಾಡಿ ಓಡಿಸುವ ದೇಶವದು. ಕನ್ನಡಿಗರಿಗೆ ವ್ಯಾನ್ ನಡೆಸುವುದು ಕಷ್ಟವಾಗದು. ಹೊರಡುವವರು ನಕ್ಷೆಗಿಂತ ಮೊದಲು ಉಬ್ಬರ-ಇಳಿತದ ವೇಳಾಪಟ್ಟಿ ತೆಗೆದು ನೋಡಲಿ. ಕ್ಯೂರಿಯೊ ಬೇಗೆ ಎರಡು ರಾತ್ರಿ ಇಟ್ಟುಕೊಳ್ಳಲಿ, ಮಳೆ ಹಿಡಿದರೆ ಮೂರು.